ಬಾಕ್ಸಿಂಗ್ ಪಟುವಿನ ಗಮನ, ದಣಿವು ಮತ್ತು ಹೊಡೆತದ ನಿಖರತೆ: ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

(ಸಾರ್ವಜನಿಕರ ತಿಳಿವಳಿಕೆಗಾಗಿ)

1. ಪೀಠಿಕೆ

ಕ್ರೀಡಾ ತರಬೇತಿ, ಕ್ರೀಡಾ ವಸತಿ ನಿಲಯದ ಪ್ರವೇಶ ಹಾಗೂ ಆಯ್ಕೆ ಸ್ಪರ್ಧೆಗಳಿಗೆ ಅರ್ಜಿ ಸಲ್ಲಿಸುವ ಯುವಕ ಯುವತಿಯರು ತಮ್ಮ ಎತ್ತರ, ತೂಕ, ಓಟದ ವೇಗ ಮುಂತಾದ ಅಳತೆಗಳ ಕಡೆಗೆ ಸಹಜವಾಗಿಯೇ ಹೆಚ್ಚು ಲಕ್ಷ್ಯ ಕೊಡುತ್ತಾರೆ. ಬಾಕ್ಸಿಂಗ್ ಎಂದು ಜನಪ್ರಿಯವಾಗಿರುವ ಮುಷ್ಟಿಯುದ್ಧದಲ್ಲಿ ಈ ಅಳತೆಗಳಷ್ಟೇ ಮುಖ್ಯವಾದ, ಆದರೆ ಕಣ್ಣಿಗೆ ಕಾಣದ ಇನ್ನೊಂದು ಅರ್ಹತೆ ಇರುತ್ತದೆ. ಅದು ಗಮನ. ಎದುರಾಳಿಯ ಚಲನೆಯನ್ನು ನೋಡಿ, ಅದರ ಅರ್ಥವನ್ನು ತಿಳಿದು, ಸರಿಯಾದ ಉತ್ತರವನ್ನು ಆರಿಸಿ, ಅದನ್ನು ಸರಿಯಾದ ಜಾಗಕ್ಕೆ ತಲುಪಿಸುವ ಶಕ್ತಿಯೆಲ್ಲವೂ ಗಮನವನ್ನೇ ಅವಲಂಬಿಸಿದೆ.

ದೇಹ ದಣಿದಾಗ ಮೊದಲು ಕುಗ್ಗುವುದು ಮುಷ್ಟಿಯ ಬಲವೆಂದು ಬಹುತೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಬಲ ಇನ್ನೂ ಉಳಿದಿರುವಾಗಲೇ ನೋಡುವ, ಆರಿಸುವ ಹಾಗೂ ತಡೆಯುವ ಸಾಮರ್ಥ್ಯವು ಕುಂದತೊಡಗುತ್ತದೆ. ಇದನ್ನು ಅರಿಯದೆ ಕಣಕ್ಕಿಳಿದವರು ಅಂಕಗಳನ್ನು ಕಳೆದುಕೊಳ್ಳುತ್ತಾರೆ. ಕೆಲವೊಮ್ಮೆ ತಲೆಗೆ ಅಪಾಯಕಾರಿ ಪೆಟ್ಟನ್ನೂ ತಿನ್ನುತ್ತಾರೆ. ಆದುದರಿಂದ ಅರ್ಜಿದಾರರು ಹಾಗೂ ಅವರ ಪೋಷಕರು ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಬಲದ ಆಟ ಮತ್ತು ಗಮನದ ಆಟ

ರಾಯಚೂರು ಸೀಮೆಯಲ್ಲಿ ಬಲಕ್ಕೆ ಗೌರವ ಕೊಡುವ ಪರಂಪರೆ ಹಳೆಯದು. ಕಾರಹುಣ್ಣಿಮೆಯ ಸಂದರ್ಭದಲ್ಲಿ ರಾಯಚೂರಿನಲ್ಲಿ ನಡೆಯುವ ಮುಂಗಾರು ಹಬ್ಬದಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆಯನ್ನು ನೋಡಲು ದೂರದ ಹಳ್ಳಿಗಳಿಂದಲೂ ಜನರು ಬರುತ್ತಾರೆ. ಜಾತ್ರೆಗಳಲ್ಲಿ ಕುಸ್ತಿ ನಡೆಯುತ್ತದೆ. ಸಿಂಧನೂರಿನ ಭತ್ತದ ವ್ಯಾಪಾರದಲ್ಲಿ ದಿನವಿಡೀ ಚೀಲ ಹೊರುವ ಹಮಾಲರ ದೇಹಬಲವನ್ನು ಬೇರೆ ಯಾರೂ ಪರೀಕ್ಷಿಸಬೇಕಾಗಿಲ್ಲ. ಇಂತಹ ಪರಿಸರದಲ್ಲಿ ಬೆಳೆದ ಯುವಜನರಿಗೆ ಬಾಕ್ಸಿಂಗ್ ಕೂಡ ತೋಳ್ಬಲದ ಆಟವೆಂದೇ ಅನ್ನಿಸುವುದು ಸ್ವಾಭಾವಿಕ.

ಆದರೆ ಮುಷ್ಟಿಯ ಹೋರಾಟದಲ್ಲಿ ಗಮನದ ಬೆಲೆ ಎಷ್ಟೆಂಬುದನ್ನು ರಾಜ್ಯದ್ದೇ ಆದ ಇನ್ನೊಂದು ಪರಂಪರೆಯು ತೋರಿಸಿಕೊಡುತ್ತದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಯಲ್ಲಿ ಮೊನಚಾದ ಆಯುಧ ಧರಿಸಿ ಎದುರುಬದುರಾಗುತ್ತಾರೆ. ಒಬ್ಬರ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಅನೇಕ ಬಾರಿ ಇದೆಲ್ಲವೂ ಕೆಲವೇ ಕ್ಷಣಗಳ ಮಾತು. ಅಲ್ಲಿ ಗೆಲ್ಲುವವರು ಹೆಚ್ಚು ಭಾರ ಎತ್ತಬಲ್ಲವರೇ ಆಗಿರಬೇಕೆಂದಿಲ್ಲ. ಎದುರಾಳಿಯ ಕೈ ಏಳುವ ಮುನ್ನವೇ ಅದನ್ನು ಕಂಡವರು ಗೆಲ್ಲುತ್ತಾರೆ.

ಆಧುನಿಕ ಬಾಕ್ಸಿಂಗ್‌ನ ನಿಯಮಗಳು ಸಂಪೂರ್ಣ ಬೇರೆ. ಅದು ಕೈಗವಸು ಧರಿಸಿ, ತೂಕದ ವರ್ಗಗಳಲ್ಲಿ, ತೀರ್ಪುಗಾರರ ಮುಂದೆ ನಡೆಯುವ ಕ್ರೀಡೆ. ಕೊಡಗಿನ ಸಿ.ಸಿ. ಮಾಚಯ್ಯ ಅವರು ಈ ಕ್ರೀಡೆಯಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದು ರಾಜ್ಯಕ್ಕೆ ಹೆಸರು ತಂದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವಿಜೇಂದರ್ ಸಿಂಗ್, ಮಹಿಳಾ ಬಾಕ್ಸಿಂಗ್ ಮೊದಲ ಬಾರಿಗೆ ಸೇರ್ಪಡೆಯಾದ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್ ಹಾಗೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಲವ್ಲೀನಾ ಬೊರ್ಗೊಹೈನ್ ಕಂಚಿನ ಪದಕಗಳನ್ನು ಗಳಿಸಿದರು. ನೆರೆಯ ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು. ಸಣ್ಣ ಊರುಗಳಿಂದ, ಸಾಮಾನ್ಯ ಕುಟುಂಬಗಳಿಂದ ಬಂದವರಿಗೂ ಈ ಕ್ರೀಡೆಯಲ್ಲಿ ಅವಕಾಶವಿದೆ ಎಂಬುದಕ್ಕೆ ಇವರ ಸಾಧನೆಯೇ ಸಾಕ್ಷಿ.

3. ಪಂದ್ಯದ ಅವಧಿ ಮತ್ತು ಅಂಕಗಳ ಕ್ರಮ

ಹಿರಿಯರ ವಿಭಾಗದ ಹವ್ಯಾಸಿ ಪಂದ್ಯದಲ್ಲಿ ತಲಾ 3 ನಿಮಿಷಗಳ 3 ಸುತ್ತುಗಳಿರುತ್ತವೆ. ಸುತ್ತುಗಳ ನಡುವೆ 1 ನಿಮಿಷದ ವಿಶ್ರಾಂತಿ ದೊರೆಯುತ್ತದೆ. ಅಂದರೆ 9 ನಿಮಿಷಗಳ ಹೋರಾಟಕ್ಕೆ ಸಿಗುವ ವಿಶ್ರಾಂತಿ ಒಟ್ಟು 2 ನಿಮಿಷ ಮಾತ್ರ. ಕಿರಿಯ ವಯೋಮಾನದವರಿಗೆ ಸುತ್ತಿನ ಅವಧಿ ಕಡಿಮೆ ಇರುತ್ತದೆ.

ಕೈಗವಸಿನ ಗೆಣ್ಣಿನ ಭಾಗವು ಎದುರಾಳಿಯ ತಲೆಯ ಮುಂಭಾಗ ಅಥವಾ ಪಕ್ಕಕ್ಕೆ, ಇಲ್ಲವೆ ಸೊಂಟಪಟ್ಟಿಯ ಮೇಲಿನ ದೇಹದ ಮುಂಭಾಗ ಅಥವಾ ಪಕ್ಕಕ್ಕೆ ತಡೆಯಿಲ್ಲದೆ ತಾಗಿದರೆ ಮಾತ್ರ ಹೊಡೆತವನ್ನು ಪರಿಗಣಿಸಲಾಗುತ್ತದೆ. ತೋಳಿಗೆ ಬಿದ್ದ, ಕೈಗವಸಿನ ಒಳಬದಿಯಿಂದ ತಾಗಿದ ಅಥವಾ ಗಾಳಿಯಲ್ಲಿ ಹೋದ ಹೊಡೆತ ಎಷ್ಟೇ ಬಲವಾಗಿದ್ದರೂ ಲೆಕ್ಕಕ್ಕಿಲ್ಲ. ಆದ್ದರಿಂದ ನಿಖರತೆಯಿಲ್ಲದ ಬಲವು ಖರ್ಚಿನ ಬಾಬತ್ತೇ ಹೊರತು ಜಮಾ ಅಲ್ಲ.

1988ರ ಸೋಲ್ ಒಲಿಂಪಿಕ್ಸ್‌ನ ತೀರ್ಪುಗಳು ವಿವಾದಕ್ಕೆ ಒಳಗಾದ ನಂತರ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಿಂದ ವಿದ್ಯುನ್ಮಾನ ಅಂಕ ಯಂತ್ರವನ್ನು ಬಳಸಲಾಯಿತು. ಐವರು ತೀರ್ಪುಗಾರರಲ್ಲಿ ಕನಿಷ್ಠ ಮೂವರು 1 ಸೆಕೆಂಡಿನೊಳಗೆ ಗುಂಡಿ ಒತ್ತಿದರೆ ಮಾತ್ರ ಅಂಕ ದೊರೆಯುತ್ತಿತ್ತು. ಪಟುಗಳ ಗಮನದಷ್ಟೇ ತೀರ್ಪುಗಾರರ ಗಮನವೂ ಪರೀಕ್ಷೆಗೆ ಒಳಗಾಗುತ್ತಿದ್ದ ವ್ಯವಸ್ಥೆ ಅದು. 2013ರಲ್ಲಿ ಅದನ್ನು ಕೈಬಿಟ್ಟು, ಪ್ರತಿ ಸುತ್ತಿನಲ್ಲಿ ಮೇಲುಗೈ ಸಾಧಿಸಿದವರಿಗೆ 10 ಅಂಕ ನೀಡುವ ಪದ್ಧತಿಯನ್ನು ಜಾರಿಗೆ ತರಲಾಯಿತು. ಈ ಪದ್ಧತಿಯಲ್ಲಿ ಗುರಿ ಮುಟ್ಟಿದ ಗುಣಮಟ್ಟದ ಹೊಡೆತಗಳು ಹಾಗೂ ತಂತ್ರದಲ್ಲಿನ ಮೇಲುಗೈ ಮುಖ್ಯವಾಗುತ್ತವೆ. ದಣಿದ ಪಟು ಕೊನೆಯ ಸುತ್ತಿನಲ್ಲಿ ಗುರಿ ತಪ್ಪಿ ಬೀಸುವ ಹತ್ತು ಹೊಡೆತಗಳಿಗಿಂತ, ಗಮನ ಉಳಿಸಿಕೊಂಡ ಪಟು ತಾಗಿಸುವ ಮೂರು ನೇರ ಹೊಡೆತಗಳಿಗೆ ಬೆಲೆ ಹೆಚ್ಚು.

4. ಪ್ರತಿಕ್ರಿಯೆಗೆ ತಗಲುವ ಕಾಲ

ಕಣ್ಣಿಗೆ ಕಂಡ ಒಂದು ಸರಳ ಸಂಕೇತಕ್ಕೆ ಆರೋಗ್ಯವಂತ ಯುವಕ ಅಥವಾ ಯುವತಿ ಕೈ ಆಡಿಸಲು ಸುಮಾರು 0.20ರಿಂದ 0.25 ಸೆಕೆಂಡ್ ಬೇಕಾಗುತ್ತದೆ. ಇದು ಒಂದೇ ಸಂಕೇತ, ಒಂದೇ ಉತ್ತರವಿರುವಾಗಿನ ಲೆಕ್ಕ. ಎಡಗೈ ಹೊಡೆತವೋ ಬಲಗೈ ಹೊಡೆತವೋ, ತಲೆಗೋ ಹೊಟ್ಟೆಗೋ ಎಂದು ಆರಿಸಬೇಕಾದಾಗ ಕಾಲ ಹೆಚ್ಚುತ್ತದೆ. ಆಯ್ಕೆಗಳು ಹೆಚ್ಚಾದಂತೆ ಪ್ರತಿಕ್ರಿಯೆ ನಿಧಾನವಾಗುತ್ತದೆ ಎಂಬ ನಿಯಮವನ್ನು ಬ್ರಿಟನ್ನಿನ ಮನೋವಿಜ್ಞಾನಿ ವಿಲಿಯಂ ಹಿಕ್ 1952ರಲ್ಲಿ ಪ್ರಕಟಿಸಿದರು.

ಪಳಗಿದ ಪಟುವಿನ ನೇರ ಹೊಡೆತವು ಹೊರಟು ಗುರಿ ತಲುಪಲು ಸುಮಾರು 0.10 ಸೆಕೆಂಡ್ ಸಾಕು. ಎದುರಿಗಿರುವವರು ಪ್ರತಿಕ್ರಿಯಿಸಲು ಅದಕ್ಕಿಂತ ಎರಡು ಪಟ್ಟು ಕಾಲ ಬೇಕು. ಹಾಗಿದ್ದಲ್ಲಿ ಹೊಡೆತವನ್ನು ತಪ್ಪಿಸಿಕೊಳ್ಳುವುದಾದರೂ ಹೇಗೆ ಎಂಬ ಪ್ರಶ್ನೆ ಉದ್ಭವಿಸುತ್ತದೆ. ಉತ್ತರವಿಷ್ಟೆ: ಅನುಭವಿ ಪಟುಗಳು ಮುಷ್ಟಿಯನ್ನು ನೋಡಿ ತಪ್ಪಿಸಿಕೊಳ್ಳುವುದಿಲ್ಲ. ಮುಷ್ಟಿ ಹೊರಡುವ ಮುನ್ನ ಭುಜ ತಿರುಗುತ್ತದೆ, ಸೊಂಟ ಹೊರಳುತ್ತದೆ, ಹಿಂಗಾಲಿನ ಹಿಮ್ಮಡಿ ಏಳುತ್ತದೆ. ಈ ಸೂಚನೆಗಳನ್ನು ಓದಿ ಅವರು ಮುಂಚಿತವಾಗಿಯೇ ಸಿದ್ಧರಾಗುತ್ತಾರೆ.

ಮಳೆಗಾಲದಲ್ಲಿ ಗಾಳಿ ತಿರುಗಿದ್ದನ್ನು ಕಂಡೇ ಕಣದಲ್ಲಿನ ಭತ್ತಕ್ಕೆ ತಾಡಪಾಲು ಹೊದಿಸುವ ರೈತನು ಹನಿ ಬೀಳುವವರೆಗೆ ಕಾಯುವುದಿಲ್ಲ. ಬಾಕ್ಸಿಂಗ್‌ನ ರಕ್ಷಣೆಯೂ ಇದೇ ಬಗೆಯದು. ಮುನ್ಸೂಚನೆಯನ್ನು ಓದುವ ಈ ಕೆಲಸವು ಪೂರ್ತಿಯಾಗಿ ಗಮನದ ಕೆಲಸ. ಗಮನ ಅರೆಕ್ಷಣ ತಪ್ಪಿದರೆ ಪಟು ಮುಷ್ಟಿಯನ್ನು ನೋಡುವ ಸ್ಥಿತಿಗೆ ಇಳಿಯುತ್ತಾನೆ. ಆಗ ಕಾಲ ಮೀರಿರುತ್ತದೆ.

5. ದೈಹಿಕ ಶ್ರಮದ ಎರಡು ಮುಖಗಳು

ದೈಹಿಕ ಶ್ರಮವೆಲ್ಲವೂ ಗಮನಕ್ಕೆ ಶತ್ರುವಲ್ಲ. 10ರಿಂದ 15 ನಿಮಿಷಗಳ ಹದವಾದ ಓಟ, ಹಗ್ಗ ಜಿಗಿತ ಹಾಗೂ ನೆರಳು ಹೊಡೆತದ ಅಭ್ಯಾಸದಿಂದ ದೇಹ ಬಿಸಿಯಾಗುತ್ತದೆ, ಮನಸ್ಸು ಎಚ್ಚರಗೊಳ್ಳುತ್ತದೆ, ಸರಳ ಪ್ರತಿಕ್ರಿಯೆ ಚುರುಕಾಗುತ್ತದೆ. ತಣ್ಣನೆಯ ಮೈಯಲ್ಲಿ ಕಣಕ್ಕಿಳಿದವರು ಮೊದಲ ನಿಮಿಷದಲ್ಲಿ ಮಂಕಾಗಿರುವುದಕ್ಕೆ ಇದೇ ಕಾರಣ.

ಶ್ರಮವು ಒಂದು ಮಟ್ಟವನ್ನು ದಾಟಿದ ನಂತರ ಫಲಿತಾಂಶ ತಿರುವುಮುರುವಾಗುತ್ತದೆ. ಉತ್ತೇಜನವು ಮಿತಿಯವರೆಗೆ ಕೆಲಸವನ್ನು ಸುಧಾರಿಸಿ, ಮಿತಿ ಮೀರಿದಾಗ ಕೆಡಿಸುತ್ತದೆ ಎಂಬ ಸಂಗತಿಯನ್ನು ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು 1908ರಲ್ಲಿಯೇ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗುರುತಿಸಿದ್ದರು. ಕೆಲಸ ಕಠಿಣವಾದಷ್ಟೂ ಆ ಮಿತಿ ಬೇಗನೆ ಬರುತ್ತದೆ. ಬಾಕ್ಸಿಂಗ್‌ನಲ್ಲಿ ಅತಿಯಾದ ದಣಿವಿನ ಪರಿಣಾಮಗಳು ಸಾಮಾನ್ಯವಾಗಿ ಈ ಕೆಳಕಂಡಂತೆ ಇರುತ್ತವೆ.

(ಅ) ಮುಖವನ್ನು ಕಾಯುವ ಕೈಗಳು ಕೆಳಗಿಳಿಯುತ್ತವೆ. ಭುಜದ ಸ್ನಾಯುಗಳು ಸೋತಿರುವುದರಿಂದ ಇದು ಪಟುವಿಗೆ ಅರಿವಿಲ್ಲದೆಯೇ ಆಗುತ್ತದೆ. ಕೆಳಗಿಳಿದ ಕೈ ತಡೆಯಲು ಹೆಚ್ಚು ದೂರ ಸಾಗಬೇಕಾಗುತ್ತದೆ.

(ಆ) ನೋಟ ಕಿರಿದಾಗುತ್ತದೆ. ಎದುರಾಳಿಯ ಇಡೀ ದೇಹವನ್ನು ಕಾಣುತ್ತಿದ್ದ ಕಣ್ಣು ಕೈಗವಸಿನ ಮೇಲೆ ಮಾತ್ರ ನೆಡುತ್ತದೆ. ಭುಜ ಹಾಗೂ ಪಾದದ ಸೂಚನೆಗಳು ತಪ್ಪಿಹೋಗುತ್ತವೆ.

(ಇ) ಆಯ್ಕೆಯಲ್ಲಿ ತಪ್ಪುಗಳು ಹೆಚ್ಚುತ್ತವೆ. ಪ್ರತಿಕ್ರಿಯೆ ವೇಗವಾಗಿಯೇ ಕಂಡರೂ ಅದು ತಪ್ಪು ಪ್ರತಿಕ್ರಿಯೆಯಾಗಿರುತ್ತದೆ. ಹುಸಿ ಹೊಡೆತಕ್ಕೆ ಬಲಿಯಾಗುವುದು ಇದರ ಲಕ್ಷಣ.

(ಈ) ಪಾದಗಳು ನಿಲ್ಲುತ್ತವೆ. ಅಂತರದ ಅಂದಾಜು ಕೆಡುತ್ತದೆ. ಹೊಡೆತಗಳು ನೇರವಾಗಿ ಹೋಗದೆ ಬೀಸಾಗುತ್ತವೆ, ಗುರಿ ತಪ್ಪುತ್ತವೆ.

(ಉ) ಗುರಿ ತಪ್ಪಿದ ಹೊಡೆತವನ್ನು ಪಟು ತಾನೇ ತಡೆದು ಹಿಂದಕ್ಕೆ ಎಳೆದುಕೊಳ್ಳಬೇಕಾಗುವುದರಿಂದ ಇನ್ನಷ್ಟು ದಣಿವಾಗುತ್ತದೆ, ಆ ಅವಧಿಯಲ್ಲಿ ಮುಖ ತೆರೆದಿರುತ್ತದೆ.

ಮೇಲ್ಕಂಡ ಯಾವುದರಲ್ಲಿಯೂ ಮುಷ್ಟಿಯ ಬಲ ಕುಂದಿದೆ ಎಂಬ ಅಂಶವಿಲ್ಲದಿರುವುದನ್ನು ಗಮನಿಸಬಹುದು. ಪಟುವಿಗೆ ತನ್ನಲ್ಲಿ ಇನ್ನೂ ಶಕ್ತಿ ಇದೆ ಎಂದೇ ಅನ್ನಿಸುತ್ತಿರುತ್ತದೆ. ಅಪಾಯ ಇರುವುದು ಅಲ್ಲಿಯೇ.

6. ಮನಸ್ಸಿನ ದಣಿವು

ದೇಹ ವಿಶ್ರಾಂತಿಯಲ್ಲಿದ್ದರೂ ಮನಸ್ಸು ದಣಿದಿರಬಹುದು. ಹವ್ಯಾಸಿ ಬಾಕ್ಸಿಂಗ್ ಪಟುಗಳನ್ನು ಕುರಿತು ಬ್ರೆಜಿಲ್ ದೇಶದ ಸಂಶೋಧಕರು ನಡೆಸಿದ ಅಧ್ಯಯನವೊಂದರಲ್ಲಿ, ಹೋರಾಟಕ್ಕೆ ಮುನ್ನ ಮೊಬೈಲಿನಲ್ಲಿ ಸಾಮಾಜಿಕ ಜಾಲತಾಣಗಳನ್ನು ನೋಡುವುದರಿಂದ ಅಥವಾ ವಿಡಿಯೊ ಆಟ ಆಡುವುದರಿಂದ ಮಾನಸಿಕ ದಣಿವು ಉಂಟಾಗಿ, ಕಣದಲ್ಲಿ ನಿರ್ಧಾರ ಕೈಗೊಳ್ಳುವ ಸಾಮರ್ಥ್ಯ ಕುಗ್ಗಿದ್ದು ಕಂಡುಬಂದಿದೆ. ಆಯ್ಕೆ ಸ್ಪರ್ಧೆಯ ದಿನ ತಮ್ಮ ಸರದಿಗಾಗಿ ಕಾಯುತ್ತಾ ಮೊಬೈಲ್ ಹಿಡಿದು ಕುಳಿತುಕೊಳ್ಳುವ ಅಭ್ಯಾಸವುಳ್ಳವರು ಇದನ್ನು ಗಮನದಲ್ಲಿ ಇರಿಸಿಕೊಳ್ಳುವುದು.

ಗಮನವನ್ನು ಎಲ್ಲಿ ಇರಿಸಬೇಕು ಎಂಬುದೂ ಮುಖ್ಯ. ತರಬೇತಿ ಪಡೆದ ಹೋರಾಟ ಕ್ರೀಡಾಪಟುಗಳ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, "ತೋಳನ್ನು ವೇಗವಾಗಿ ಚಾಚಬೇಕು" ಎಂದು ತಮ್ಮ ದೇಹದ ಕಡೆಗೆ ಗಮನ ಹರಿಸಿದಾಗ ಬಂದ ಹೊಡೆತಗಳಿಗಿಂತ, ಗುರಿಯ ಕಡೆಗೆ ಗಮನ ಹರಿಸಿದಾಗ ಬಂದ ಹೊಡೆತಗಳು ಹೆಚ್ಚು ವೇಗವಾಗಿಯೂ ಬಲವಾಗಿಯೂ ಇದ್ದವು. ಕಣದ ಹೊರಗಿನಿಂದ ಕೂಗಿ ಹೇಳುವ ಗೆಳೆಯರು ಹಾಗೂ ಹಿರಿಯರು "ಕೈ ಎತ್ತು, ಮೊಣಕೈ ಮಡಚು, ಕಾಲು ಇಡು" ಎಂದು ಏಕಕಾಲಕ್ಕೆ ಹತ್ತು ಸೂಚನೆ ಕೊಡುವುದರಿಂದ ಪಟುವಿಗೆ ಸಹಾಯಕ್ಕಿಂತ ತೊಂದರೆಯೇ ಹೆಚ್ಚು.

7. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಯಂತ್ರೋಪಕರಣಗಳಿಲ್ಲದೆ ಶಾಲೆಯ 30 ಸೆಂಟಿಮೀಟರ್ ಅಳತೆಪಟ್ಟಿಯಿಂದಲೇ ಪ್ರತಿಕ್ರಿಯೆಯ ಕಾಲವನ್ನು ಅಂದಾಜು ಮಾಡಬಹುದು. ಒಬ್ಬರು ಅಳತೆಪಟ್ಟಿಯನ್ನು ಮೇಲ್ತುದಿಯಲ್ಲಿ ಹಿಡಿದು ತೂಗುಬಿಡುವುದು. ಪರೀಕ್ಷೆಗೆ ಒಳಗಾಗುವವರು ಸೊನ್ನೆಯ ಗುರುತಿನ ಬಳಿ ಹೆಬ್ಬೆರಳು ಹಾಗೂ ತೋರುಬೆರಳನ್ನು ತೆರೆದು ಇರಿಸಿಕೊಳ್ಳುವುದು. ಮುನ್ಸೂಚನೆ ಇಲ್ಲದೆ ಅಳತೆಪಟ್ಟಿಯನ್ನು ಬಿಟ್ಟಾಗ ಎಷ್ಟು ಸೆಂಟಿಮೀಟರ್ ಗುರುತಿನಲ್ಲಿ ಹಿಡಿದರೆಂಬುದನ್ನು ಬರೆದುಕೊಳ್ಳುವುದು. ಬೀಳುವ ವಸ್ತುವಿನ ವೇಗದ ನಿಯಮದಂತೆ ಕಾಲದ ಲೆಕ್ಕ ಹೀಗಿರುತ್ತದೆ.

15 ಸೆಂಟಿಮೀಟರ್: ಸುಮಾರು 0.17 ಸೆಕೆಂಡ್
20 ಸೆಂಟಿಮೀಟರ್: ಸುಮಾರು 0.20 ಸೆಕೆಂಡ್
25 ಸೆಂಟಿಮೀಟರ್: ಸುಮಾರು 0.23 ಸೆಕೆಂಡ್
30 ಸೆಂಟಿಮೀಟರ್: ಸುಮಾರು 0.25 ಸೆಕೆಂಡ್

ಈ ಪರೀಕ್ಷೆಯನ್ನು ಮೂರು ಸ್ಥಿತಿಗಳಲ್ಲಿ, ಪ್ರತಿ ಸ್ಥಿತಿಯಲ್ಲಿ 10 ಬಾರಿ ಮಾಡಿ ಸರಾಸರಿ ತೆಗೆಯುವುದು: ಮೊದಲನೆಯದಾಗಿ ವಿಶ್ರಾಂತಿಯಲ್ಲಿ, ಎರಡನೆಯದಾಗಿ 10 ನಿಮಿಷಗಳ ಹದವಾದ ಓಟದ ನಂತರ, ಮೂರನೆಯದಾಗಿ 3 ನಿಮಿಷಗಳ ಬಿರುಸಾದ ಹಗ್ಗ ಜಿಗಿತವನ್ನು, 1 ನಿಮಿಷದ ವಿರಾಮ ಕೊಟ್ಟು, 3 ಬಾರಿ ಮಾಡಿದ ನಂತರ.

ನಿಖರತೆಯನ್ನು ತಿಳಿಯಲು ಅಭ್ಯಾಸದ ಚೀಲದ ಮೇಲೆ ಅಂಗೈಯಗಲದ ಗುರುತು ಮಾಡಿ, 20 ನೇರ ಹೊಡೆತಗಳಲ್ಲಿ ಎಷ್ಟು ಗುರುತಿನೊಳಗೆ ಬಿದ್ದವು ಎಂಬುದನ್ನು ಇದೇ ಮೂರು ಸ್ಥಿತಿಗಳಲ್ಲಿ ಎಣಿಸುವುದು. ಆಯ್ಕೆಯ ಸಾಮರ್ಥ್ಯವನ್ನು ತಿಳಿಯಲು ಜೊತೆಗಾರರು "ಎಡ" ಅಥವಾ "ಬಲ" ಎಂದು ಅನಿರೀಕ್ಷಿತ ಕ್ರಮದಲ್ಲಿ ಕೂಗಿ, ತಪ್ಪು ಕೈ ಎಷ್ಟು ಬಾರಿ ಹೊರಟಿತೆಂದು ಲೆಕ್ಕ ಇಡುವುದು. ಅಳತೆಪಟ್ಟಿಯ ಫಲಿತಾಂಶದಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದರೂ, ತಪ್ಪು ಕೈಗಳ ಸಂಖ್ಯೆ ಹಾಗೂ ಗುರಿ ತಪ್ಪಿದ ಹೊಡೆತಗಳ ಸಂಖ್ಯೆ ಮೂರನೆಯ ಸ್ಥಿತಿಯಲ್ಲಿ ಏರುವ ಸಾಧ್ಯತೆ ಹೆಚ್ಚು. ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಇದನ್ನು ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ಹೋಲಿಸಿದಲ್ಲಿ, ತರಬೇತಿಯಿಂದ ಆದ ಪ್ರಯೋಜನ ಲೆಕ್ಕದ ಪುಸ್ತಕದಂತೆ ಸ್ಪಷ್ಟವಾಗುತ್ತದೆ.

ಸೂಚನೆ: ಇವು ಸ್ವಂತ ತಿಳಿವಳಿಕೆಗಾಗಿ ಮಾತ್ರ. ಇವುಗಳ ಫಲಿತಾಂಶವನ್ನು ಅರ್ಜಿಯೊಂದಿಗೆ ಲಗತ್ತಿಸುವ ಅಗತ್ಯವಿಲ್ಲ.

8. ಈ ಮೂರು ತಾಲ್ಲೂಕುಗಳ ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಅಂಶಗಳು

(ಅ) ದುಡಿಮೆ: ಸಿಂಧನೂರು ಭಾಗದ ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ನಾಟಿ ಹಾಗೂ ಕೊಯ್ಲಿನ ಕಾಲಕ್ಕೆ ವಿದ್ಯಾರ್ಥಿಗಳೂ ಮನೆಯವರೊಂದಿಗೆ ದುಡಿಯುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಕುಟುಂಬಗಳಲ್ಲಿ ಪಾಳಿಯ ಕೆಲಸದಿಂದ ಮನೆಯ ನಿದ್ರೆಯ ವೇಳೆಯೂ ಬದಲಾಗುತ್ತಿರುತ್ತದೆ. ಮಸ್ಕಿ ಭಾಗದ ಒಣಬೇಸಾಯದ ಹಳ್ಳಿಗಳಲ್ಲಿ ಕೂಲಿಗಾಗಿ ದೂರ ಹೋಗುವುದು ಹೊಸದಲ್ಲ. ದುಡಿಮೆಯು ಗೌರವದ ವಿಷಯ. ಅದರಿಂದ ಬಂದ ದೇಹಬಲ ಉಪಯುಕ್ತವೂ ಹೌದು. ಆದರೆ ಹಗಲು ಚೀಲ ಹೊತ್ತು ಸಂಜೆ ಎದುರಾಳಿಯೊಂದಿಗೆ ಹೊಡೆದಾಟದ ಅಭ್ಯಾಸ ಮಾಡುವುದು, ಎರಡು ಸುತ್ತು ಆಡಿದ ನಂತರ ಪಂದ್ಯ ಆರಂಭಿಸಿದಂತೆ. ಅಂತಹ ದಿನ ಕಾಲ್ಚಲನೆಯ ಲಘು ಅಭ್ಯಾಸ ಮಾತ್ರ ಸಾಕು. ದುಡಿಮೆಯ ವಿಷಯವನ್ನು ತರಬೇತುದಾರರಿಂದ ಮುಚ್ಚಿಡಬಾರದು. ಅದನ್ನು ತಿಳಿಸುವುದರಿಂದ ಅರ್ಹತೆಗೆ ಯಾವ ಕುಂದೂ ಇಲ್ಲ.

(ಆ) ಬಿಸಿಲು ಮತ್ತು ನೀರು: ಬೇಸಿಗೆಯಲ್ಲಿ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ದೇಹದ ತೂಕದ ಶೇ. 2ರಷ್ಟು ನೀರು ಬೆವರಾಗಿ ಹೋದರೂ ಗಮನ ಮತ್ತು ತಾಳಿಕೆ ಕುಗ್ಗಬಹುದು. 50 ಕಿಲೋಗ್ರಾಂ ತೂಕದವರಿಗೆ ಇದು 1 ಕಿಲೋಗ್ರಾಂ ಮಾತ್ರ. ಅಭ್ಯಾಸದ ಮುನ್ನ ಮತ್ತು ನಂತರ ತೂಕ ನೋಡಿಕೊಂಡರೆ ಎಷ್ಟು ನೀರು ಹೋಗಿದೆ ಎಂಬುದು ತಿಳಿಯುತ್ತದೆ. ಬೇಸಿಗೆಯಲ್ಲಿ ಅಭ್ಯಾಸವನ್ನು ನಸುಕಿನಲ್ಲಿ ಅಥವಾ ಹೊತ್ತು ಮುಳುಗಿದ ನಂತರ ಇಟ್ಟುಕೊಳ್ಳುವುದು ಸೂಕ್ತ.

(ಇ) ತೂಕ ಇಳಿಸುವುದು: ಕೆಳಗಿನ ತೂಕದ ವರ್ಗಕ್ಕೆ ಸೇರುವ ಆಸೆಯಿಂದ ಊಟ ಬಿಟ್ಟು, ನೀರು ಬಿಟ್ಟು, ಬಿಸಿಲಿನಲ್ಲಿ ದಪ್ಪ ಬಟ್ಟೆ ತೊಟ್ಟು ಓಡುವ ರೂಢಿ ಅಪಾಯಕಾರಿ. ತೂಕದ ಯಂತ್ರದಲ್ಲಿ ಗೆದ್ದವರು ಕಣದಲ್ಲಿ ಮಂಕಾಗಿ ಸೋಲುತ್ತಾರೆ. ಸಹಜ ತೂಕದ ವರ್ಗದಲ್ಲಿಯೇ ಸ್ಪರ್ಧಿಸುವುದು ಉತ್ತಮ.

(ಈ) ಪ್ರಯಾಣ: ಲಿಂಗಸುಗೂರು, ಮಸ್ಕಿ ಹಾಗೂ ಸಿಂಧನೂರು ಒಂದೇ ಹೆದ್ದಾರಿಯಲ್ಲಿದ್ದರೂ, ಜಿಲ್ಲಾ ಕೇಂದ್ರವಾದ ರಾಯಚೂರಿಗೆ ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಸಮಯ ಬೇಕಾಗುತ್ತದೆ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ಸಮಯ ಬೇರೆ. ರಾತ್ರಿ ಮೂರಕ್ಕೆ ಎದ್ದು, ಉಪವಾಸದಲ್ಲಿ, ನಿಂತುಕೊಂಡೇ ಪ್ರಯಾಣ ಮಾಡಿ ಬಂದವರ ಗಮನ ಆಯ್ಕೆಯ ವೇಳೆಗೆ ಅರ್ಧ ಖರ್ಚಾಗಿರುತ್ತದೆ. ಸಾಧ್ಯವಿದ್ದವರು ಹಿಂದಿನ ಸಂಜೆಯೇ ರಾಯಚೂರು ತಲುಪಿ ಸಾಕಷ್ಟು ನಿದ್ರೆ ಮಾಡುವುದು.

9. ತಲೆಯ ಪೆಟ್ಟು: ಪೋಷಕರು ತಿಳಿದಿರಲೇಬೇಕಾದ ವಿಷಯ

2022ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಎದುರಾಳಿಯ ಪೆಟ್ಟಿನಿಂದ ಕುಸಿದುಬಿದ್ದ ಮೈಸೂರಿನ ಯುವಕರೊಬ್ಬರು ಕೆಲ ದಿನಗಳಲ್ಲಿ ಮೃತಪಟ್ಟರು. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಸಮರ್ಪಕವಾಗಿರಲಿಲ್ಲ ಎಂಬ ದೂರು ಕೇಳಿಬಂದು ಪೊಲೀಸ್ ಪ್ರಕರಣ ದಾಖಲಾಯಿತು. ಕಿಕ್‌ಬಾಕ್ಸಿಂಗ್ ಬೇರೆ ಕ್ರೀಡೆಯಾದರೂ ಎಚ್ಚರಿಕೆ ಎರಡಕ್ಕೂ ಒಂದೇ: ತಲೆಗೆ ಬೀಳುವ ಪೆಟ್ಟನ್ನು ಹಗುರವಾಗಿ ಪರಿಗಣಿಸಕೂಡದು.

ತಲೆಗವಸು ಚರ್ಮ ಹರಿಯುವುದನ್ನು ಕಡಿಮೆ ಮಾಡುತ್ತದೆ. ತಲೆಯೊಳಗೆ ಮಿದುಳು ಅಲುಗುವುದನ್ನು ಅದು ಪೂರ್ತಿಯಾಗಿ ತಡೆಯಲಾರದು. ಬರುವುದನ್ನು ಕಂಡ ಹೊಡೆತಕ್ಕೆ ಕುತ್ತಿಗೆ ಬಿಗಿಯಾಗುತ್ತದೆ, ತಲೆ ಬಾಗುತ್ತದೆ. ಕಾಣದೆ ಬಂದ ಹೊಡೆತಕ್ಕೆ ದೇಹ ಸಿದ್ಧವಿರುವುದಿಲ್ಲ. ದಣಿವಿನಿಂದ ಗಮನ ಕುಂದಿದಾಗ ಕಾಣದ ಹೊಡೆತಗಳೇ ಹೆಚ್ಚಾಗುತ್ತವೆ. ಆದ್ದರಿಂದ ಗಮನವು ಗೆಲುವಿನ ಸಾಧನವಷ್ಟೇ ಆಗಿರದೆ ರಕ್ಷಣೆಯ ಮೊದಲ ಕವಚವೂ ಆಗಿದೆ.

ಈ ಕೆಳಕಂಡ ಲಕ್ಷಣಗಳಲ್ಲಿ ಯಾವುದೊಂದು ಕಂಡುಬಂದರೂ ಅಭ್ಯಾಸವನ್ನು ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು: ತಲೆನೋವು, ವಾಂತಿ, ತಲೆಸುತ್ತು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಹೇಳಿದ್ದನ್ನೇ ಹೇಳುವುದು, ಅತಿಯಾದ ನಿದ್ರೆ, ಪೆಟ್ಟು ಬಿದ್ದ ಘಟನೆಯೇ ನೆನಪಿಲ್ಲದಿರುವುದು. ತಲೆಯ ಪೆಟ್ಟಿನಿಂದ ಪಂದ್ಯ ನಿಂತ ಪಟುವಿಗೆ ಅಂತರರಾಷ್ಟ್ರೀಯ ವೈದ್ಯಕೀಯ ನಿಯಮಗಳಲ್ಲಿ ಕನಿಷ್ಠ 30 ದಿನಗಳ ಕಡ್ಡಾಯ ವಿಶ್ರಾಂತಿಯನ್ನು ವಿಧಿಸುವ ಪದ್ಧತಿಯಿದೆ. ಪ್ರಜ್ಞೆ ತಪ್ಪಿದ್ದಲ್ಲಿ ಅಥವಾ ಮತ್ತೆ ಹಾಗಾದಲ್ಲಿ ಅವಧಿ ಇನ್ನೂ ಹೆಚ್ಚು. ಊರಿನ ಅಭ್ಯಾಸದಲ್ಲಿ ಬಿದ್ದ ಪೆಟ್ಟಿಗೂ ಇದೇ ಶಿಸ್ತನ್ನು ಪಾಲಿಸತಕ್ಕದ್ದು.

10. ತರಬೇತಿಯ ಕ್ರಮ

(ಅ) ಹೊಸ ಕೌಶಲವನ್ನು ದೇಹ ಮತ್ತು ಮನಸ್ಸು ತಾಜಾ ಇರುವಾಗಲೇ, ಅಭ್ಯಾಸದ ಆರಂಭದಲ್ಲಿ ಕಲಿಯುವುದು.

(ಆ) ಕಲಿತ ಕೌಶಲವನ್ನು ಹಂತ ಹಂತವಾಗಿ ದಣಿವಿನಲ್ಲಿ ಪರೀಕ್ಷಿಸುವುದು. ಇದಕ್ಕೆ ಅಭ್ಯಾಸದ ಚೀಲ ಅಥವಾ ತರಬೇತುದಾರರ ಕೈಪಟ್ಟಿಗಳನ್ನು ಬಳಸುವುದು. ದಣಿದ ಸ್ಥಿತಿಯಲ್ಲಿ ತಲೆಗೆ ಹೊಡೆಯುವ ಅಭ್ಯಾಸ ಕೂಡದು.

(ಇ) ತರಬೇತುದಾರರು ಅನಿರೀಕ್ಷಿತ ಸೂಚನೆಗಳನ್ನು ಕೊಟ್ಟು ಆಯ್ಕೆಯ ಅಭ್ಯಾಸ ಮಾಡಿಸುವುದು. ಒಂದೇ ಕ್ರಮದ ಹೊಡೆತಗಳನ್ನು ನೂರು ಬಾರಿ ಬಾರಿಸುವುದರಿಂದ ತೋಳು ಪಳಗುತ್ತದೆ, ಕಣ್ಣು ಪಳಗುವುದಿಲ್ಲ.

(ಈ) ಸುತ್ತುಗಳ ನಡುವಿನ 1 ನಿಮಿಷದಲ್ಲಿ ಮೊದಲು ಉಸಿರನ್ನು ನಿಧಾನವಾಗಿ ಬಿಡುವುದು, ನಂತರ ಒಂದು ಗುಟುಕು ನೀರು, ಕೊನೆಯಲ್ಲಿ ಒಂದೇ ಒಂದು ಸೂಚನೆ.

(ಉ) ಕೈಗಳು ಎರಡು ಬಾರಿ ತಾವಾಗಿಯೇ ಕೆಳಗಿಳಿದರೆ ಆ ದಿನದ ಎದುರಾಳಿ ಅಭ್ಯಾಸ ಅಲ್ಲಿಗೇ ಮುಗಿಯಿತೆಂದು ತಿಳಿಯುವುದು.

11. ಅರ್ಜಿ ಸಲ್ಲಿಸುವ ಮುನ್ನ

ವಯೋಮಾನದ ವರ್ಗವನ್ನು ಜನನ ವರ್ಷದ ಆಧಾರದ ಮೇಲೆ ನಿರ್ಧರಿಸಲಾಗುವುದರಿಂದ ಜನನ ಪ್ರಮಾಣ ಪತ್ರ ಹಾಗೂ ಶಾಲಾ ದಾಖಲೆಯಲ್ಲಿನ ದಿನಾಂಕಗಳು ಒಂದೇ ಇವೆಯೇ ಎಂದು ಪರಿಶೀಲಿಸಿಕೊಳ್ಳುವುದು. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿ ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರವಾಗಿದೆ. ಹಳೆಯ ದಾಖಲೆಗಳಲ್ಲಿ ಲಿಂಗಸುಗೂರು ಎಂದು ನಮೂದಾಗಿದ್ದಲ್ಲಿ, ಅರ್ಜಿಯಲ್ಲಿ ಪ್ರಸ್ತುತ ತಾಲ್ಲೂಕನ್ನು ಬರೆದು, ಗೊಂದಲವಾಗದಂತೆ ಗ್ರಾಮ ಹಾಗೂ ಹೋಬಳಿಯ ಹೆಸರನ್ನು ಸ್ಪಷ್ಟವಾಗಿ ತಿಳಿಸುವುದು. ವೈದ್ಯಕೀಯ ತಪಾಸಣೆಯ ವೇಳೆ ಹಿಂದೆ ತಲೆಗೆ ಬಿದ್ದ ಪೆಟ್ಟು, ಮೂರ್ಛೆ, ದೃಷ್ಟಿದೋಷ ಹಾಗೂ ಸೇವಿಸುತ್ತಿರುವ ಔಷಧಗಳ ವಿವರವನ್ನು ವೈದ್ಯರಿಗೆ ಮರೆಮಾಚದೆ ತಿಳಿಸತಕ್ಕದ್ದು. ಅಪ್ರಾಪ್ತ ವಯಸ್ಸಿನವರ ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಈ ಪುಟದ 9ನೇ ಅಂಶವನ್ನು ಓದಿಕೊಳ್ಳುವುದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕುಸ್ತಿಯಲ್ಲಿ ಪಳಗಿದವರು ಬಾಕ್ಸಿಂಗ್‌ಗೆ ಬರಬಹುದೇ?
ಉತ್ತರ: ಬರಬಹುದು. ತಾಳಿಕೆ ಹಾಗೂ ಸಮತೋಲನ ನೆರವಾಗುತ್ತವೆ. ಆದರೆ ಕುಸ್ತಿಯಲ್ಲಿ ಎದುರಾಳಿಯ ಚಲನೆ ಕೈಯ ಸ್ಪರ್ಶದಿಂದಲೂ ತಿಳಿಯುತ್ತದೆ. ಬಾಕ್ಸಿಂಗ್‌ನಲ್ಲಿ ಕಣ್ಣಿನಿಂದ ತಿಳಿಯಬೇಕು. ಈ ಅಭ್ಯಾಸಕ್ಕೆ ಸಮಯ ಬೇಕು.

ಪ್ರಶ್ನೆ: ಪ್ರತಿಕ್ರಿಯೆ ಹುಟ್ಟಿನಿಂದ ಬಂದದ್ದೇ, ಅಭ್ಯಾಸದಿಂದ ಬರುವುದೇ?
ಉತ್ತರ: ಸರಳ ಪ್ರತಿಕ್ರಿಯೆಯ ಕಾಲ ಅಭ್ಯಾಸದಿಂದ ಸ್ವಲ್ಪವೇ ಸುಧಾರಿಸುತ್ತದೆ. ಎದುರಾಳಿಯನ್ನು ಓದುವ ಹಾಗೂ ಸರಿಯಾಗಿ ಆರಿಸುವ ಸಾಮರ್ಥ್ಯ ಅಭ್ಯಾಸದಿಂದ ಬಹಳಷ್ಟು ಬೆಳೆಯುತ್ತದೆ. ಆದುದರಿಂದ ಅಳತೆಪಟ್ಟಿಯ ಪರೀಕ್ಷೆಯಲ್ಲಿ ಹಿಂದುಳಿದವರು ನಿರಾಶರಾಗಬೇಕಾಗಿಲ್ಲ.

ಪ್ರಶ್ನೆ: ದಣಿದಿದ್ದೇನೆ ಎಂದು ಹೇಳಿದರೆ ಆಯ್ಕೆಯಿಂದ ಕೈಬಿಡುವರೆಂಬ ಭಯವಿದೆ. ಏನು ಮಾಡಬೇಕು?
ಉತ್ತರ: ದಣಿವನ್ನು ಗುರುತಿಸಿ ಹೇಳುವುದು ಒಳ್ಳೆಯ ಪಟುವಿನ ಲಕ್ಷಣ. ಪಂದ್ಯದಲ್ಲಿ ತೀರ್ಪುಗಾರರು ಎಂಟರವರೆಗೆ ಎಣಿಸುವ ನಿಯಮವಿರುವುದು ಪಟುವು ಮುಂದುವರಿಯುವ ಸ್ಥಿತಿಯಲ್ಲಿರುವನೇ ಎಂದು ನೋಡುವುದಕ್ಕಾಗಿ. ಅಭ್ಯಾಸದಲ್ಲಿ ಆ ಎಣಿಕೆಯನ್ನು ಪಟುವೇ ಮಾಡಿಕೊಳ್ಳಬೇಕು.

ತರಬೇತಿ ಹಾಗೂ ಆಯ್ಕೆ ಸ್ಪರ್ಧೆಗಳ ದಿನಾಂಕ, ಅರ್ಹತೆ ಮತ್ತು ಲಗತ್ತಿಸಬೇಕಾದ ದಾಖಲೆಗಳ ವಿವರವನ್ನು ಆಯಾ ಸಾಲಿನ ಪ್ರಕಟಣೆಯಲ್ಲಿ ನೀಡಲಾಗುವುದು. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ತಾಲ್ಲೂಕು ಕಚೇರಿ ಅಥವಾ ರಾಯಚೂರಿನ ಜಿಲ್ಲಾ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.